ಬಂಡೆಗೆ ಅಂಟಿ ಬಂದದ್ದು

ನಮ್ಮ ಶಾಲೆಯ ಪಿ.ಟಿ. ಮೇಡಂ ಸಹೋದ್ಯೋಗಿಗಳನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಯೇ ಇಲ್ಲ. ಗಣಿತ ಕಲಿಸುವವರು ಅವರ ಬಾಯಲ್ಲಿ ‘ಗಣಿತ’, ವಿಜ್ಞಾನದವರು ‘ವಿಜ್ಞಾನ’, ನಾನು ‘ಕನ್ನಡ’. “ಏ ಕನ್ನಡ, ಒಂದ್ ಚೊಂಬು ನೀರು ಕಳ್ಸೇ” ಎಂದು ಮೈದಾನದ ಆ ತುದಿಯಿಂದ ಕೂಗಿದರೆ ಸ್ಟಾಫ್ ರೂಮಿನಲ್ಲಿ ಎಲ್ಲರೂ ನನ್ನ ಮುಖ ನೋಡಿ ನಗುತ್ತಿದ್ದರು. ಮಕ್ಕಳ ಹೆಸರನ್ನು ಮಾತ್ರ ಒಂದೂ ಮರೆಯುತ್ತಿರಲಿಲ್ಲ. ಎಂದೋ ಓದಿ ಹೋದವನು ಮೀಸೆ ಹೊತ್ತುಕೊಂಡು ತಿಪಟೂರು ಬಸ್ ಸ್ಟ್ಯಾಂಡಿನಲ್ಲಿ ಎದುರಾದರೂ ಅವನ ಹೆಸರು, ಅವನ ಊರು, ಖೋ-ಖೋದಲ್ಲಿ ಅವನು ಯಾವ ಕಡೆ ತಿರುಗಿ ಓಡುತ್ತಿದ್ದ ಎಂಬುದು ಎಲ್ಲ ಅವರ ನಾಲಿಗೆಯ ಮೇಲಿರುತ್ತಿತ್ತು.

ಅವರು ತೀರಿಕೊಂಡು ಇನ್ನೂ ತಿಂಗಳು ತುಂಬಿಲ್ಲ. ಶಾಲೆಯ ಸಂತಾಪ ಸಭೆಯಲ್ಲಿ ಎಲ್ಲರೂ ಅವರು ಗೆದ್ದು ತಂದ ಕಪ್ಪುಗಳ ಬಗ್ಗೆ, ಸೀರೆಯ ಕೆಳಗೆ ಅವರು ಹಾಕುತ್ತಿದ್ದ ಬಿಳಿ ಕ್ಯಾನ್ವಾಸ್ ಬೂಟಿನ ಬಗ್ಗೆ ಮಾತಾಡಿದರು. ನನ್ನ ಸರದಿ ಬಂದಾಗ ನನಗೆ ನೆನಪಾದದ್ದು ಅವರ ಮನೆಯ ನಡುಮನೆಯಲ್ಲಿದ್ದ ಕಡಲು. ಸಭೆಯಲ್ಲಿ ಹೇಳುವ ಮಾತಲ್ಲ ಅದು. ಎರಡು ಮಾತಾಡಿ ಕೂತುಬಿಟ್ಟೆ.

ಅವರು ಮದುವೆಯಾಗಲಿಲ್ಲ. ತಮ್ಮ ರುದ್ರೇಶನ ಸಂಸಾರದ ಜೊತೆಗಿದ್ದರು. ರುದ್ರೇಶನದು ಕೊಬ್ಬರಿ ವ್ಯಾಪಾರ. ಮನೆಯ ಅಟ್ಟದ ತುಂಬ ಕಾಯಿ, ಹಿತ್ತಲ ತುಂಬ ಕಂಟದ, ಒಡೆದ ಚಿಪ್ಪಿನ, ರಾಶಿ. ನಮ್ಮ ಮನೆ ಅವರ ಮನೆಯ ಎದುರಿಗೇ, ರಸ್ತೆಯ ಈಚೆಗೆ. ಹಾಗಾಗಿ ಶಾಲೆಯಲ್ಲೂ ಬೀದಿಯಲ್ಲೂ ನನಗೆ ಅವರಿಂದ ಬಿಡುಗಡೆ ಇರಲಿಲ್ಲ.

ಅವರ ಸ್ವಭಾವ ಗೊತ್ತಾಗಬೇಕಾದರೆ ನಲ್ಲಿಯ ಕತೆ ಹೇಳಬೇಕು. ಒಂದು ಸಲ ಶಾಲೆಯ ನೀರಿನ ತೊಟ್ಟಿಯ ನಲ್ಲಿಯನ್ನು ಯಾರೋ ಮುರಿದು ಹಾಕಿದ್ದರು. ಹೆಡ್‌ಮಾಸ್ಟರು ಕೋಲು ಹಿಡಿದು ಇಡೀ ಒಂಬತ್ತನೇ ಕ್ಲಾಸನ್ನು ಸಾಲಾಗಿ ನಿಲ್ಲಿಸಿದರು. ಮೇಡಂ ಬಂದು ಮೊದಲನೇ ಹುಡುಗನ ಮುಂದೆ ತಾವೇ ನಿಂತರು.

“ಯಾರು ಅಂತ ಗೊತ್ತಾಗ್ಲಿ, ನಾನೇ ಹೊಡಿತೀನಿ. ಗೊತ್ತಾಗ್ದೆ ಹೊಡುದ್ರೆ ಅದು ಶಿಕ್ಷೆ ಅಲ್ಲ ಸಾರ್, ನಿಮ್ ಸಿಟ್ಟು.”

ನಲ್ಲಿ ಮುರಿದವರು ಯಾರೆಂದು ಕೊನೆಗೂ ಗೊತ್ತಾಗಲಿಲ್ಲ. ಅವರೂ ಹೊಡೆಯಲಿಲ್ಲ.

ಕಡಲಿನ ಹುಚ್ಚು ಹತ್ತಿದ್ದು ಒಂದು ಶಾಲಾ ಪ್ರವಾಸದಲ್ಲಿ. ಕರಾವಳಿಯ ಒಂದು ಕಡೆ ಇಳಿತದ ಹೊತ್ತಿಗೆ ಬಂಡೆಗಳ ನಡುವೆ ನೀರು ನಿಂತಿತ್ತು. ಮೇಡಂ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತವರು ಏಳಲೇ ಇಲ್ಲ. ಬಸ್ಸು ಹಾರನ್ ಹೊಡೆಯಿತು. ಮಕ್ಕಳ ತಲೆ ಎಣಿಸದೆ ಬಸ್ ಹತ್ತದ ಹೆಂಗಸು ಅಂದು ಎಣಿಸುವುದನ್ನೇ ಮರೆತು ಬಂದು ಕೂತರು. “ಅದ್ರೊಳ್ಗೆ ಒಂದ್ ಊರೇ ಐತೆ ಕಣೇ” ಎಂದರು ನನಗೆ. ದಾರಿಯುದ್ದಕ್ಕೂ ಬೇರೆ ಮಾತಿಲ್ಲ.

ನಿವೃತ್ತಿಯಾದ ಮೇಲೆ ನಡುಮನೆಯ ಕಿಟಕಿಯ ಪಕ್ಕ ದೊಡ್ಡ ಗಾಜಿನ ತೊಟ್ಟಿ ಬಂತು. ಶುದ್ಧ ನೀರಿಗೆ ಅಳೆದು ಬೆರೆಸುವ ಕಡಲುಪ್ಪು, ನೀಲಿ ದೀಪ, ನೀರನ್ನು ತಣ್ಣಗಿಡುವ ಯಂತ್ರ, ಕರೆಂಟು ಹೋದರೆ ಮೋಟಾರು ನಿಲ್ಲದಿರಲೆಂದು ಇನ್ವರ್ಟರು. ತೆಂಗಿನ ಸೀಮೆಯಲ್ಲಿ ಉಪ್ಪನ್ನು ಮರದ ಬುಡಕ್ಕೆ ಹಾಕುವುದು ಎಲ್ಲರಿಗೂ ಗೊತ್ತು. ಮನೆಯೊಳಗೆ ಮೀನಿಗೆ ಹಾಕುವುದನ್ನು ನೋಡಲು ಬೀದಿಯವರೆಲ್ಲ ಬಂದುಹೋದರು. ಎರಡು ಕಿತ್ತಳೆ ಮೀನು, ಬೆರಳಿನಂತೆ ತೂಗಾಡುವ ಒಂದು ಮೆದು ಹವಳ, ಬೆಂಗಳೂರಿನ ಅಂಗಡಿಯಿಂದ ತರಿಸಿದ ಕಡಲ ಬಂಡೆಗಳು. ಆ ಬಂಡೆಗಳ ಸಂದಿಯಲ್ಲಿ ಕರೆಯದೆ ಬಂದ ಜೀವಿಗಳಿರುತ್ತವೆ, ಹುಳ, ಏಡಿ, ಬಸವನಹುಳು. ಮೇಡಂ ಅವನ್ನು “ಟಿಕೆಟ್ ತಗೊಳ್ದೆ ಬಸ್ ಹತ್ತಿದೋರು” ಎನ್ನುತ್ತಿದ್ದರು. ಒಂದೊಂದರ ಗುರುತು ಹಿಡಿಯುವವರೆಗೂ ಅದರ ಮುಂದೆ ಸ್ಟೂಲು ಹಾಕಿಕೊಂಡು ಕೂರುವುದು ಅವರ ಕೆಲಸ.

ಕೊನೆಯ ಸಲ ಬಂದ ಬಂಡೆಯ ಒಂದು ಮಗ್ಗುಲಲ್ಲಿ ಕಂದು ಬಣ್ಣದ ಏನೋ ಇತ್ತು. ಅಂಗಿಯ ಗುಂಡಿಗಳಷ್ಟು ಗಾತ್ರ. ದೀಪ ಹತ್ತಿದರೆ ಅರಳುತ್ತಿತ್ತು, ನೆರಳು ಬಿದ್ದರೆ ಮುದುಡುತ್ತಿತ್ತು. ಅಂಗಡಿಯವನನ್ನು ಕೇಳಿದರೆ “ಏನೋ ಬೆಳ್ಕೊಂಡಿರುತ್ತೆ ಮೇಡಂ” ಎಂದ. ಮೀನು ಸಾಕುವವರ ಫೋನಿನ ಗುಂಪುಗಳಲ್ಲಿ ಒಬ್ಬರು ಪಾಚಿ ಎಂದರು, ಒಬ್ಬರು ಹೂವು ಎಂದರು, ಒಬ್ಬರು ಕುದಿಯುವ ನೀರಲ್ಲಿ ಅದ್ದಿ ತೆಗೆಯಿರಿ, ಮುಗಿಯಿತು ಎಂದರು. ನೀಲಿ ಬೆಳಕಿನಲ್ಲಿ ತೆಗೆದ ಫೋಟೋದಲ್ಲಿ ಯಾರಿಗೂ ಏನೂ ಸರಿಯಾಗಿ ಕಾಣುತ್ತಿರಲಿಲ್ಲ.

“ಹೆಸರು ಗೊತ್ತಾಗ್ಲಿ ತಡಿ” ಎನ್ನುತ್ತ ಮೇಡಂ ಕಾದರು. ಅದು ಕಾಯಲಿಲ್ಲ. ಪಕ್ಕದ ಬಂಡೆಗೆ ಹಬ್ಬಿತು. ಆಮೇಲೆ ಮೆದು ಹವಳದ ಬುಡಕ್ಕೆ. ಬೆರಳುಗಳು ಒಂದೊಂದೇ ಸುರುಟಿಕೊಂಡವು. ನೀರು ನಾತ ಹೊಡೆಯತೊಡಗಿತು.

ಅದೇ ಹೊತ್ತಿಗೆ ರುದ್ರೇಶನ ಮಗಳು ಚೈತ್ರ ಚೊಚ್ಚಲ ಹೆರಿಗೆಗೆಂದು ತುರುವೇಕೆರೆಯ ಗಂಡನ ಮನೆಯಿಂದ ಬಂದಳು. ಏಳು ತಿಂಗಳು ತುಂಬಿತ್ತು. ನಡುಮನೆಗೆ ಬಂದರೆ ಮೂಗಿಗೆ ಸೆರಗು ಹಿಡಿಯುತ್ತಿದ್ದಳು. ರುದ್ರೇಶ ಅಕ್ಕನಿಗೆ ಎದುರಾಡುವವನಲ್ಲ. ಆದರೂ ಒಂದು ಬೆಳಿಗ್ಗೆ ರಸ್ತೆಗೆ ಕೇಳುವಂತೆ ಹೇಳಿದ: “ಅಕ್ಕಾ, ಚೈತ್ರಂಗೆ ವಾಕರಿಕೆ ಬತ್ತದೆ. ಅದೇನಾದ್ರೂ ಒಂದ್ ಮಾಡ್ಬುಡು.”

ಅಂದು ರುದ್ರೇಶ ಮಂಡಿಗೆ ಹೋದ. ಅವನ ಹೆಂಡತಿ ಅರಳಗುಪ್ಪೆಯ ನೆಂಟರ ಮನೆಗೆ ಹೋಗಿದ್ದಳು. ಊಟವಾದ ಮೇಲೆ ಚೈತ್ರ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಮಲಗಿದಳು. ಬೀದಿಯ ಧೂಳಿಗೆ ಕಿಟಕಿಗಳೆಲ್ಲ ಮುಚ್ಚಿದ್ದವು. ಮೇಡಂ ಗುಂಪಿನವರ ಮಾತು ಕೇಳಿ, ಆ ಮೊದಲ ಬಂಡೆಯನ್ನು ತೆಗೆದು ದೊಡ್ಡ ಪಾತ್ರೆಗೆ ಹಾಕಿ ಒಲೆಯ ಮೇಲಿಟ್ಟರು. ನೀರು ಕುದಿಯಿತು. ಅವರು ಪಾತ್ರೆಯ ಮೇಲೆ ಬಗ್ಗಿ, ಕಂದು ಪದರವನ್ನು ಬ್ರಷ್ಷಿನಿಂದ ಉಜ್ಜಿದರು.

ನಾನು ಹೊರಗೆ ಬಟ್ಟೆ ತೆಗೆಯುತ್ತಿದ್ದೆ. “ಏ ಕನ್ನಡ!” ಎಂದು ಕೂಗಿದ್ದು ಕೇಳಿಸಿತು. ಕೂಗು ಅವರದೇ, ದನಿ ಅವರದಲ್ಲ. ತಿರುಗಿ ನೋಡಿದರೆ ಮೇಡಂ ಚೈತ್ರಳನ್ನು ತೋಳಲ್ಲಿ ಹಿಡಿದು ಎಳೆದುಕೊಂಡು ರಸ್ತೆ ದಾಟುತ್ತಿದ್ದಾರೆ. ಚೈತ್ರ ಹೊಟ್ಟೆ ಹಿಡಿದುಕೊಂಡು ಕೆಮ್ಮುತ್ತಿದ್ದಾಳೆ, ತುಟಿ ಬಿಳಿಚಿದೆ.

“ಬಾಯೆಲ್ಲ ಕಹಿ ಅತ್ತೆ, ಕಬ್ಬಿಣ ಕಚ್ಚಿದಂಗೆ” ಎನ್ನುತ್ತಿದ್ದಳು.

“ಆಟೋ ಕರಿಯೇ. ನಮ್ಮನೆ ಬಾಗ್ಲು ಎಳ್ದಿದೀನಿ, ಯಾರೂ ಒಳ್ಗೆ ಹೋಗ್ಬಾರ್ದು, ನೀನೂ ಹೋಗ್ಬಾರ್ದು.” ಅಷ್ಟು ಹೇಳುವುದರೊಳಗೆ ಅವರಿಗೆ ಉಸಿರು ಸಾಲಲಿಲ್ಲ. ಗೇಟಿನ ಕಂಬ ಹಿಡಿದು ನಿಂತರು. ಅವರು ಏನನ್ನಾದರೂ ಹಿಡಿದು ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ನರ್ಸಿಂಗ್ ಹೋಮಿನಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಇದ್ದರು. ಚೈತ್ರಳಿಗೆ ಚಳಿ ಹತ್ತಿ ಹಲ್ಲು ಕಟಕಟ ಎನ್ನುತ್ತಿತ್ತು, ತೊಡೆಯ ಸ್ನಾಯುಗಳು ಹಿಡಿದುಕೊಂಡಿದ್ದವು. ಮಂಡಿಯಿಂದ ಓಡಿಬಂದ ರುದ್ರೇಶನ ಅಂಗಿಯ ಮೇಲೆ ಇನ್ನೂ ಕೊಬ್ಬರಿಯ ಸಿಪ್ಪೆಪುಡಿ ಇತ್ತು. ಡಾಕ್ಟರಮ್ಮ ಅವನನ್ನು ಕೇಳಿದರು:

“ಮಧ್ಯಾಹ್ನ ಏನು ಊಟ ಮಾಡಿದ್ರು?”

“ಮುದ್ದೆ, ಹುಳ್ಳಿಕಾಳು ಸಾರು. ನಾನೂ ಅದೇ ಕಟ್ಟಿಸ್ಕೊಂಡು ಹೋಗಿದ್ದೆ ಕಣ್ರಮ್ಮ.”

“ಇಬ್ಬರಿಗೂ ಒಟ್ಟಿಗೆ ಆಗಿದೆ ಅಂದ್ರೆ ಫುಡ್ ಪಾಯ್ಸನ್ ಇರಬಹುದು. ಮೊದಲು...”

ಪಕ್ಕದ ಮಂಚದಿಂದ ಮೇಡಂ ಕೈ ಎತ್ತಿದರು. ಆಮ್ಲಜನಕದ ಮಾಸ್ಕನ್ನು ಸ್ವಲ್ಪ ಸರಿಸಿ ಹೇಳಿದರು: “ಊಟ ಅಲ್ಲ. ನಾನು. ನಾನೇ ಮಾಡಿದ್ದು. ತೊಟ್ಟೀಲಿ ಒಂದು ಜೀವ ಬೆಳ್ದಿತ್ತು. ಅದನ್ನ ಬೇಯಿಸ್ದೆ. ಆ ಹಬೆ ಕುಡುದ್ವಿ ಇಬ್ರೂ.”

ಡಾಕ್ಟರಮ್ಮ ನಂಬಿದರೋ ಇಲ್ಲವೋ ತಿಳಿಯದು. ಆದರೆ ಬಗ್ಗಿ ಕೇಳಿದರು. “ಯಾವ ಜೀವಿ ಮೇಡಂ? ಹೆಸರು ಹೇಳಿ. ಹೆಸರು ಗೊತ್ತಾದ್ರೆ ಯಾವ ವಿಷ ಅಂತ ನೋಡಬಹುದು. ಇಲ್ದಿದ್ರೆ ಬಸುರಿ ಹೆಂಗಸಿಗೆ ನಾನು ಕತ್ತಲಲ್ಲಿ ಔಷಧ ಕೊಟ್ಟ ಹಾಗಾಗುತ್ತೆ.”

ಮೇಡಂ ಕಣ್ಣು ಮುಚ್ಚಿದರು. “ಹೆಸ್ರೇ ಗೊತ್ತಾಗ್ಲಿಲ್ಲ ತಾಯಿ. ಅದ್ಕೇ ಕಾಯ್ತಿದ್ದೆ. ಇವತ್ತು ಕಾಯ್ಲಿಲ್ಲ.”

ಆಗ ನನಗೆ ನಸೀಮಾ ನೆನಪಾದಳು. ಹುಳಿಯಾರಿನ ಟೈಲರೊಬ್ಬರ ಮಗಳು, ನಮ್ಮಲ್ಲಿ ಹಾಸ್ಟೆಲಿನಲ್ಲಿದ್ದು ಓದಿದವಳು, ಮೇಡಂ ತಂಡದಲ್ಲಿ ಖೋ-ಖೋ ಆಡಿದವಳು. ಈಗ ಕರಾವಳಿಯ ಕಾಲೇಜೊಂದರಲ್ಲಿ ಕಡಲ ಜೀವಿಗಳ ಪಾಠ ಮಾಡುತ್ತಾಳೆ, ಹಬ್ಬಕ್ಕೆ ನನಗೆ ಶುಭಾಶಯದ ಜೊತೆ ಏಡಿಯ ಚಿತ್ರ ಕಳಿಸುತ್ತಾಳೆ; ಅದನ್ನು ಮೇಡಂಗೆ ಹೇಳುವುದು ನನಗೆ ಹೊಳೆದೇ ಇರಲಿಲ್ಲ. ಫೋನು ಮಾಡಿದೆ. ಒಂದೇ ಉಸಿರಿಗೆ ಎಲ್ಲ ಹೇಳಿದೆ.

“ಮಿಸ್, ಅದರ ಫೋಟೋ ಬೇಕು ನಂಗೆ. ಈಗಲೇ.”

ಮೇಡಂ ಫೋನು ಅಡುಗೆಮನೆಯಲ್ಲೇ ಉಳಿದಿತ್ತು. ನಾನು ಆಟೋದಲ್ಲಿ ಮನೆಗೆ ಓಡಿದೆ. ಒಳಗೆ ಹೋಗುವಂತಿಲ್ಲ. ನಡುಮನೆಯ ಕಿಟಕಿಯ ಗಾಜಿಗೆ ಮುಖ ಒತ್ತಿ ನೋಡಿದೆ. ಕರೆಂಟು ಹೋಗಿತ್ತು. ಇನ್ವರ್ಟರಿಗೆ ಜೋಡಿಸಿದ್ದು ಮೋಟಾರು ಮಾತ್ರ. ದೀಪ ಆರಿ ತೊಟ್ಟಿ ಕಪ್ಪಗಿತ್ತು. ಎರಡನೇ ಬಂಡೆಯ ಮೇಲೆ ಉಳಿದಿದ್ದ ಗುಂಡಿಗಳೆಲ್ಲ ಮುದುಡಿ, ನರುಲಿಗಳಂತೆ ಕೂತಿದ್ದವು. ಫೋನಿನ ಟಾರ್ಚು ಹಾಕಿದೆ, ಗಾಜಿನಿಂದ ಬೆಳಕು ತಿರುಗಿ ನನ್ನ ಕಣ್ಣಿಗೇ ಹೊಡೆಯಿತು. ತೆಗೆದಷ್ಟನ್ನು ಕಳಿಸಿದೆ. ಬಾಗಿಲ ಸಂದಿಯಿಂದ ಸುಟ್ಟ ಪಾಚಿಯಂಥ ವಾಸನೆ ಬಂತು. ಹಿಂದೆ ಸರಿದು ರಸ್ತೆಗೆ ಬಂದೆ.

ನಸೀಮಾ ಮರಳಿ ಫೋನು ಮಾಡಿದಳು. “ಇದ್ರಲ್ಲಿ ಏನೂ ಹೇಳಕ್ಕಾಗಲ್ಲ ಮಿಸ್. ಮುಚ್ಕೊಂಡಿವೆ. ಅರಳಿದಾಗ ನೋಡಿದೋರು ಯಾರಾದ್ರೂ ಇದಾರಾ?”

ಇದ್ದವರು ಒಬ್ಬರೇ. ನಾನು ವಾಪಸು ಬರುವಷ್ಟರಲ್ಲಿ ಚೈತ್ರಳ ಉಸಿರು ಇನ್ನೂ ಕೆಟ್ಟಿತ್ತು. ಡಾಕ್ಟರಮ್ಮ ಮಗುವಿನ ಎದೆಬಡಿತ ಕೇಳುತ್ತ ಹೊಟ್ಟೆಯ ಮೇಲಿಂದ ಕೈ ತೆಗೆಯದೆ ನಿಂತಿದ್ದರು. ಮೇಡಂ ಮೈ ಕೆಂಡದಂತಿತ್ತು. ಫೋನನ್ನು ಅವರ ಕಿವಿಯ ಬಳಿ ಇಟ್ಟು, ಎಲ್ಲರಿಗೂ ಕೇಳುವಂತೆ ಮಾಡಿದೆ.

“ಪಿಟಿ ಮಿಸ್, ನಾನು ನಸೀಮಾ.”

“ನಸೀಮಾ... ಹುಳಿಯಾರು. ಬಲಕ್ಕೆ ತಿರುಗ್ತಿದ್ದೆ ನೀನು ಯಾವಾಗ್ಲೂ. ಹೇಳಮ್ಮ.”

ಆ ಕಡೆ ಅವಳ ದನಿ ಗಟ್ಟಿಯಾಯಿತು. “ಮಿಸ್, ಅವು ಬಿಡಿಬಿಡಿಯಾಗಿ ನಿಂತಿದ್ವಾ, ಬುಡದಲ್ಲಿ ಒಂದಕ್ಕೊಂದು ಸೇರಿದ್ವಾ?”

“ಸೇರಿದ್ವು. ಒಂದೇ ಚಾಪೆ. ಚಾಪೆ ಮೇಲೆ... ಗುಂಡಿ ಹೊಲ್ದಂಗೆ.”

“ಚಾಪೆ ನುಣ್ಣಗಿತ್ತಾ?”

“ಇಲ್ಲ. ಮರಳು... ಅದ್ರ ಮೈಯೊಳ್ಗೇ ಮರಳು ಸೇರ್ಕೊಂಡಿತ್ತು.” ಉಸಿರಿಗಾಗಿ ನಿಂತರು. ನರ್ಸು ಮಾಸ್ಕ್ ಸರಿ ಮಾಡಲು ಬಂದರೆ ಕೈ ಅಡ್ಡ ಹಿಡಿದರು.

“ಅಂಚಲ್ಲಿ ಎಳೆಗಳಿದ್ವಾ?”

“ರೆಪ್ಪೆ ಥರ. ಗಿಡ್ಡ. ಎರಡು ಸಾಲು, ಒಂದು ಒಳ್ಗೆ ಒಂದು ಹೊರ್ಗೆ. ಮಧ್ಯದಲ್ಲಿ ಬಾಯಿ... ದುಂಡಗಲ್ಲ. ಉಗ್ರಲ್ಲಿ ಗೀರ್ದಂಗೆ.”

“ಮುಟ್ಟಿದ್ರಾ ಯಾವತ್ತಾದ್ರೂ?”

“ಕಡ್ಡೀಲಿ. ಒಂದನ್ನ ಮುಟ್ಟಿದ್ರೆ ಪಕ್ಕದ್ದೂ ಮುಚ್ಕೊಂತಿತ್ತು, ಅದ್ರ ಪಕ್ಕದ್ದೂ. ಖೋ ಕೊಟ್ಟಂಗೆ. ಲೋಳೆ ಬಿಡ್ತಿತ್ತು.”

“ಯಾ ಅಲ್ಲಾ” ಎಂದಳು ನಸೀಮಾ. “ಡಾಕ್ಟ್ರು ಇದಾರಾ ಅಲ್ಲಿ? ಡಾಕ್ಟ್ರೇ, ಇದು ಹವಳದ ಬಳಗದ ಪ್ಯಾಲಿಥೋವಾ ಅನ್ನೋ ಜಾತಿಯ ಹಾಗೇ ಇದೆ. ಕಣ್ಣಲ್ಲಿ ನೋಡದೆ ಪೂರ್ತಿ ಖಾತ್ರಿ ಕೊಡಕ್ಕಾಗಲ್ಲ, ಆದ್ರೆ ಅದೇ ಅಂತ ತಿಳ್ಕೊಂಡು ನಡೀರಿ. ಬಹಳ ಕೆಟ್ಟ ವಿಷ. ಬೇಯಿಸಿದ್ರೆ ಹಬೆಯಲ್ಲಿ ಬರುತ್ತೆ. ಇದಕ್ಕೆ ಪ್ರತಿವಿಷ ಅಂತ ಇಲ್ಲ. ಉಸಿರು, ಹೃದಯ, ಸ್ನಾಯು, ಇವನ್ನ ಬಿಡದೆ ನೋಡ್ಕೊಳ್ಳೋ ಕಡೆ ಕಳ್ಸಿ. ಇಬ್ಬರ ಬಟ್ಟೆ ಬದಲಾಯಿಸಿ, ಮೈ ತೊಳೆಸಿ. ಆ ಮನೆಗೆ ಯಾರೂ ಹೋಗಬಾರದು.”

ಡಾಕ್ಟರಮ್ಮ ಆ ಹೆಸರನ್ನು ಎರಡು ಸಲ ಹೇಳಿಸಿ ತಮ್ಮ ಫೋನಿನಲ್ಲಿ ಹುಡುಕಿದರು. ಓದುತ್ತ ಓದುತ್ತ ಅವರ ಮುಖ ಬದಲಾಯಿತು. ಆಮೇಲೆ ಅವರು ಯಾರನ್ನೂ ಏನೂ ಕೇಳಲಿಲ್ಲ. ತುಮಕೂರಿನ ದೊಡ್ಡ ಆಸ್ಪತ್ರೆಗೆ ತಾವೇ ಫೋನು ಮಾಡಿ ಹೆಸರು ಹೇಳಿದರು, ಅಕ್ಷರ ಬಿಡಿಸಿ ಹೇಳಿದರು, ಆಂಬುಲೆನ್ಸಿಗೆ ತಾವೂ ಹತ್ತಿದರು, ನನ್ನನ್ನೂ ಹತ್ತಿಸಿಕೊಂಡರು.

ಹೆದ್ದಾರಿಯಲ್ಲಿ ಚೈತ್ರ ಅತ್ತೆಯ ಕೈ ಹುಡುಕಿದಳು. ಮೇಡಂ ಕೈ ಕೊಡಲಿಲ್ಲ. ತಮ್ಮ ಚರ್ಮದಲ್ಲಿ ಇನ್ನೂ ವಿಷ ಇರಬಹುದೆಂದು ಎರಡೂ ಕೈಯನ್ನು ಹೊದಿಕೆಯ ಒಳಗೆ ಇಟ್ಟುಕೊಂಡಿದ್ದರು. “ಉಸ್ರು ನೋಡು. ಒಳ್ಗೆ... ಹೊರ್ಗೆ. ನನ್ ಜೊತೆ” ಎನ್ನುತ್ತಿದ್ದರು. ಅವರಿಗೇ ಅದು ಬರುತ್ತಿರಲಿಲ್ಲ.

ಚೈತ್ರ ಬೇಗ ಸುಧಾರಿಸಿದಳು. ಮುಚ್ಚಿದ ಬಾಗಿಲಿನಾಚೆ ಮಲಗಿದ್ದುದರಿಂದ ಅವಳಿಗೆ ಸಿಕ್ಕ ಹಬೆ ಕಡಿಮೆ ಎಂದರು. ದಿನ ತುಂಬಿಯೇ ಹೆತ್ತಳು. ಹೆಣ್ಣು ಮಗು, ಚೆನ್ನಾಗಿತ್ತು. ಮೇಡಂ ಪಾತ್ರೆಯ ಮೇಲೆಯೇ ಬಗ್ಗಿದ್ದವರು. ಅವರು ಐಸಿಯುವಿನಿಂದ ಈಚೆ ಬರಲು ಬಹಳ ದಿನ ಹಿಡಿಯಿತು. ಬಂದ ಮೇಲೂ ನಾಲ್ಕು ಹೆಜ್ಜೆ ನಡೆದರೆ ಕೂರಬೇಕಿತ್ತು, ಬಲಗೈಯಲ್ಲಿ ಲೋಟ ನಿಲ್ಲುತ್ತಿರಲಿಲ್ಲ.

ಮೇಡಂ ಆಸ್ಪತ್ರೆಯಲ್ಲಿದ್ದಾಗಲೇ ಚೈತ್ರಳ ಗಂಡನ ತಾಯಿ ಬಂದು, ಮಂಚದ ಮುಂದೆ ನಿಂತು, “ಆ ಮನೆ ಹೊಸ್ಲು ನಮ್ ಮಗು ತುಳಿಯಂಗಿಲ್ಲ” ಎಂದು ಹೇಳಿಹೋದರು. ರುದ್ರೇಶ ಏನೋ ಹೇಳಹೋದ. ಮೇಡಂ ಅವನನ್ನು ಸುಮ್ಮನಿರಿಸಿ, “ಸರಿ ಐತೆ ಕಣ್ರಮ್ಮ ನಿಮ್ ಮಾತು” ಎಂದರು.

ರುದ್ರೇಶ ಹಾರೆ ತಂದು ತೊಟ್ಟಿ ಒಡೆಯುತ್ತೇನೆಂದು ಕುದಿಯುತ್ತಿದ್ದ. ನಸೀಮಾ ತಾನೇ ರೈಲಿನಲ್ಲಿ ಬಂದಳು. ಕೈಗವಸು, ಮುಖವಾಡ, ಕನ್ನಡಕ ಹಾಕಿಕೊಂಡು ಒಳಗೆ ಹೋದಳು. ದೀಪ ಹಾಕಿ, ಅರಳಿದ ಮೇಲೆ ಹತ್ತಿರದಿಂದ ನೋಡಿ, “ಅದೇ” ಎಂದು ಹೊರಬಂದು ಹೇಳಿದಳು. ಮೇಡಂ ನಮ್ಮ ಜಗಲಿಯ ಮೇಲೆ ಕೂತು ಆ ಒಂದು ಮಾತಿಗೆ ಕಾದಿದ್ದರು. ಆಮೇಲೆ ಆ ಬಂಡೆ, ನೀರು, ಪಾತ್ರೆ ಎಲ್ಲವನ್ನೂ ಬ್ಲೀಚಿನಲ್ಲಿ ಮುಳುಗಿಸಿ ವಿಷ ಕಳೆದು, ಅಡುಗೆಮನೆಯನ್ನೂ ಕೋಣೆಗಳನ್ನೂ ಒರೆಸಿ, ಎರಡು ಮೀನುಗಳನ್ನು ಡಬ್ಬಿಯಲ್ಲಿ ಹಾಕಿಕೊಂಡು ಹೋದಳು. ಮನೆ ಶುದ್ಧವಾಯಿತು, ವಾಸ ಮಾಡಬಹುದು ಎಂದಳು.

ಅಂಗಡಿಯವನಿಗೆ ಮೇಡಂ ಫೋನು ಮಾಡಿ ಬೈಯಲಿಲ್ಲ. ಹೆಸರು ಹೇಳಿಕೊಟ್ಟು, ಹಾಜರಿ ಕೂಗಿದಂತೆ ಅವನಿಂದ ತಿರುಗಿ ಹೇಳಿಸಿದರು. ಅವನು ತಪ್ಪಿದ. ಮತ್ತೆ ಹೇಳಿಸಿದರು. ಕುದಿಸಿ ಎಂದು ಸಲಹೆ ಕೊಟ್ಟ ಗುಂಪಿನವರಿಗೂ ಅದೇ ಪಾಠವಾಯಿತು.

ಮಗುವನ್ನು ಮಾತ್ರ ಅವರು ಮುಟ್ಟಲಿಲ್ಲ. ನಾಮಕರಣಕ್ಕೆ ತುರುವೇಕೆರೆಗೆ ನನ್ನ ಜೊತೆ ಬಂದವರು ಚಪ್ಪರದ ಹೊರಗೇ ನಿಂತರು. ಚೈತ್ರ ಮಗುವನ್ನು ಎತ್ತಿ ತೋರಿಸಿದಳು. ಅಲ್ಲಿಂದಲೇ ನೋಡಿ, ಊಟ ಮಾಡದೆ ಬಸ್ ಹತ್ತಿದರು.

ಮಗುವಿಗೆ ಹಲ್ಲು ಬರುವ ಹೊತ್ತಿಗೆ ಒಂದು ಬೆಳಿಗ್ಗೆ ಚೈತ್ರ ಒಬ್ಬಳೇ ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು ಆಟೋ ಇಳಿದಳು. ಮೇಡಂ ಗೇಟಿಗೆ ಅಡ್ಡ ನಿಂತರು.

“ಕನ್ನಡ ಮೇಡಂ ಮನೇಲಿ ಕೂತ್ಕ. ನಾನ್ ಸ್ನಾನ ಮಾಡ್ಕೊಂಡು ಅಲ್ಲಿಗೇ ಬತ್ತೀನಿ.”

“ನಸೀಮಕ್ಕ ಮನೆ ಸರಿಯಾಗೈತೆ ಅಂದಿಲ್ವಾ ಅತ್ತೆ?”

“ಅಂದವ್ಳೆ. ನಂಗೆ ನಂಬ್ಕೆ ಇಲ್ಲ.”

“ಅವಳ ಮೇಲಾ?”

“ನನ್ ಮೇಲೆ.”

“ನನ್ ಮಗಳು ನನ್ ತವರುಮನೆ ನೋಡ್ಬೇಕು. ಪಕ್ಕಕ್ಕೆ ಬನ್ನಿ” ಎಂದು ಚೈತ್ರ ಅವರ ತೋಳನ್ನು ಮೆಲ್ಲಗೆ ಸರಿಸಿ ಒಳಗೆ ನಡೆದಳು. ಆ ತೋಳನ್ನು ಸರಿಸುವಷ್ಟು ಶಕ್ತಿ ಒಂದು ಕಾಲಕ್ಕೆ ನಮ್ಮ ಶಾಲೆಯಲ್ಲಿ ಯಾರಿಗೂ ಇರಲಿಲ್ಲ.

ಮಗುವನ್ನು ನಡುಮನೆಯ ನೆಲದ ಮೇಲೆ ಬಿಟ್ಟಳು. ಅದು ಅಂಬೆಗಾಲಿಡುತ್ತ ತೊಟ್ಟಿ ಇದ್ದ ಕಿಟಕಿಯವರೆಗೆ ಹೋಯಿತು, ನೆಲ ಬಡಿಯಿತು, ಕೈಯನ್ನು ಬಾಯಿಗಿಟ್ಟುಕೊಂಡಿತು. ಮೇಡಂ “ಅಯ್ಯೋ ಕೈ!” ಎಂದು ಚೀರಿ ಗೋಡೆಗೆ ಒರಗಿದರು. ಚೈತ್ರ ಏಳಲಿಲ್ಲ. ಆ ದಿನವೆಲ್ಲ ಮೇಡಂ ಊಟಕ್ಕೆ ಕೂರಲಿಲ್ಲ. ಮಗು ಮಲಗಿದಾಗ ಪಕ್ಕದಲ್ಲಿ ಕೂತು ಅದರ ಎದೆ ಏರಿಳಿಯುವುದನ್ನೇ ನೋಡಿದರು. ಅದು ಒಮ್ಮೆ ಸೀನಿದ್ದಕ್ಕೆ ಇವರ ಮುಖದಲ್ಲಿ ರಕ್ತವಿರಲಿಲ್ಲ. ಎದ್ದ ಮಗುವಿಗೆ ಏನೂ ಆಗಿರಲಿಲ್ಲ. ಹಸಿವಾಗಿತ್ತು, ಅತ್ತಿತು. ಚೈತ್ರ ಅದನ್ನು ಎತ್ತಿ ಸೀದಾ ಇವರ ಮಡಿಲಿಗೆ ಹಾಕಿ, “ಹಾಲು ಕಾಯಿಸ್ಕೊಂಡು ಬತ್ತೀನಿ, ಹಿಡ್ಕೊಳ್ಳಿ” ಎಂದು ಆ ಅಡುಗೆಮನೆಗೇ ಹೋದಳು.

ಸಂಜೆ ತಾಯಿ ಮಗುವನ್ನು ಬಸ್ಸಿಗೆ ಕಳಿಸಿ ನಾನು ಹಿಂದಿರುಗಿದಾಗ ಮೇಡಂ ಮೆಟ್ಟಿಲ ಮೇಲೆ ಕೂತಿದ್ದರು. ಸೀರೆಯ ಮುಂಭಾಗ ಮಗುವಿನ ಉಚ್ಚೆಯಿಂದ ಒದ್ದೆಯಾಗಿತ್ತು, ಬದಲಾಯಿಸಿರಲಿಲ್ಲ. ಹತ್ತಿರ ಹೋದ ಮೇಲೆ ಕಣ್ಣಲ್ಲಿ ನೀರು ಸುರಿಯುತ್ತಿದ್ದುದು ಕಂಡಿತು. ಇಷ್ಟು ವರ್ಷಗಳಲ್ಲಿ, ಆ ಆಂಬುಲೆನ್ಸಿನಲ್ಲೂ, ನಾನು ಅದನ್ನು ಕಂಡಿರಲಿಲ್ಲ. ಪಕ್ಕದಲ್ಲಿ ಕೂತು ಭುಜದ ಮೇಲೆ ಕೈಯಿಟ್ಟೆ.

“ಸಮಾಧಾನ ಮಾಡ್ಬ್ಯಾಡ ಕಣೇ” ಎಂದರು. “ಇವತ್ತು ಅಳಾಕೆ ಬುಡು ನನ್ನ.”